ಧೂಳು ಮುಸುಕಿದ ನಕ್ಷತ್ರಗಳನ್ನು ಬಣ್ಣದಿಂದ ಗುರುತಿಸುವ ಬಗೆ

ನಮ್ಮ ಕ್ಷೀರಪಥದ ನೆರೆಯ ಪುಟ್ಟ ಗೆಲಾಕ್ಸಿಯಾದ ದೊಡ್ಡ ಮೆಗೆಲಾನಿಕ್ ಮೋಡದ ಒಂದೇ ಭಾಗದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಬರಿದಾಗಿರುವ ಜಾಗದಲ್ಲೇ 8 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಅವಕೆಂಪು ಚಿತ್ರದಲ್ಲಿ ಪ್ರಖರವಾದ ಚುಕ್ಕೆಯೊಂದು ಕಾಣಿಸುವುದುಂಟು. ಮುಪ್ಪಿನ ನಕ್ಷತ್ರವೊಂದು ತಾನೇ ಹೊರಚೆಲ್ಲಿದ ಧೂಳಿನೊಳಗೆ ಅಡಗಿದೆ. ಆ ಧೂಳು ಅದರ ಬೆಳಕನ್ನು ನುಂಗಿ, ಬಿಸಿಯಾಗಿ, ಅದನ್ನೇ ಅವಕೆಂಪು ಕಿರಣಗಳಾಗಿ ಸೂಸುತ್ತಿದೆ.

ಖಗೋಳವಿಜ್ಞಾನದಲ್ಲಿ ಬಣ್ಣವೆಂದರೆ ಎರಡು ತರಂಗಾಂತರಗಳಲ್ಲಿ ಅಳೆದ ಕಾಂತಿಮಾನಗಳ ವ್ಯತ್ಯಾಸ. ಕಾಂತಿಮಾನವೆಂದರೆ ಪ್ರಖರತೆಯ ಅಳತೆ: ಪ್ರಖರವಾದಷ್ಟೂ ಅಂಕಿ ಚಿಕ್ಕದು, 5ರ ವ್ಯತ್ಯಾಸಕ್ಕೆ ಪ್ರಖರತೆಯಲ್ಲಿ 100 ಪಟ್ಟು. ಅಭಿಜಿತ್ (ವೇಗಾ) ನಕ್ಷತ್ರದ ಬಣ್ಣವನ್ನು ಸೊನ್ನೆಯೆಂದು ಹಿಡಿಯುವುದು ರೂಢಿ. 1.25 ಮೈಕ್ರಾನಿನ ಕಾಂತಿಮಾನದಿಂದ 3.6 ಮೈಕ್ರಾನಿನದನ್ನು ಕಳೆದಾಗ 5 ಉಳಿದರೆ, ಅಭಿಜಿತ್‌ಗೆ ಹೋಲಿಸಿದಾಗ ಆ ನಕ್ಷತ್ರದ ಬೆಳಕು ದೀರ್ಘ ತರಂಗದ ಕಡೆಗೆ 100 ಪಟ್ಟು ವಾಲಿದೆ ಎಂದರ್ಥ. ಈ ಮೋಡದ ನಕ್ಷತ್ರಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ, ಸುಮಾರು 1.6 ಲಕ್ಷ ಜ್ಯೋತಿರ್ವರ್ಷಗಳಾಚೆ, ಇರುವುದರಿಂದ ಬಣ್ಣದ ಜೊತೆಗೆ ನಿಜವಾದ ಪ್ರಖರತೆಯೂ ಸಿಗುತ್ತದೆ. ನಮ್ಮದೇ ಕ್ಷೀರಪಥದಲ್ಲಿ ಈ ಅನುಕೂಲ ಅಷ್ಟು ಸುಲಭವಾಗಿ ದಕ್ಕುವುದಿಲ್ಲ.

ವಿಂಗಡಣೆಯ ಮೂಲ ರಸಾಯನಶಾಸ್ತ್ರದಲ್ಲಿದೆ. ನಕ್ಷತ್ರದ ಹೊರಪದರದಲ್ಲಿ ಇಂಗಾಲವೂ ಆಮ್ಲಜನಕವೂ ಮೊದಲು ಒಂದನ್ನೊಂದು ಹಿಡಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತವೆ. ಮಿಕ್ಕುಳಿದದ್ದು ಯಾವುದೋ ಅದೇ ಧೂಳಿನ ಜಾತಿಯನ್ನು ನಿರ್ಧರಿಸುತ್ತದೆ. ಆಮ್ಲಜನಕ ಮಿಕ್ಕರೆ ಸಿಲಿಕೇಟ್ ಧೂಳು, ಅದರ ಗುರುತು 9.7 ಮತ್ತು 18 ಮೈಕ್ರಾನಿನ ಆಸುಪಾಸಿನಲ್ಲಿ. ಇಂಗಾಲ ಮಿಕ್ಕರೆ ಮಸಿಯಂಥ ಕಣಗಳು, ಜೊತೆಗೆ 11.3 ಮೈಕ್ರಾನಿನ ಬಳಿ ಸಿಲಿಕಾನ್ ಕಾರ್ಬೈಡ್. ಹೀಗಾಗಿ 8 ಮತ್ತು 24 ಮೈಕ್ರಾನುಗಳ ವ್ಯತ್ಯಾಸವನ್ನು ಇನ್ನೊಂದು ಬಣ್ಣದ ಎದುರು ನಕ್ಷೆಯಲ್ಲಿ ಗುರುತಿಸಿದರೆ ಎರಡು ಜಾತಿಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಆದರೆ ಜಾತಿಗಳನ್ನು ಬೇರ್ಪಡಿಸಲು ಆ ನಕ್ಷೆಯ ಮೇಲೆ ಎಳೆದ ಗೆರೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಈಗಷ್ಟೇ ಹುಟ್ಟುತ್ತಿರುವ ನಕ್ಷತ್ರಕ್ಕೂ ಧೂಳಿನ ಹೊದಿಕೆಯಿದೆ, ಸಾಯುತ್ತಿರುವ ನಕ್ಷತ್ರ ಕಳಚಿದ ಹೊಳೆಯುವ ಅನಿಲದ ಹೊದಿಕೆಯಾದ ಗ್ರಹೀಯ ನೀಹಾರಿಕೆಗೂ ಇದೆ. ಹಿನ್ನೆಲೆಯ ದೂರದ ಗೆಲಾಕ್ಸಿಗಳೂ ಅದೇ ಕೆಂಪು ಮೂಲೆಗೆ ಬಂದು ಸೇರುತ್ತವೆ. ಆಗ ಕಾಲ ನೆರವಿಗೆ ಬರುತ್ತದೆ: ಮುಪ್ಪಿನ ಕೆಂಪು ದೈತ್ಯ ನೂರಾರು ದಿನಗಳ ಲಯದಲ್ಲಿ ಉಬ್ಬಿ ಕುಗ್ಗುತ್ತ ಮಿನುಗುತ್ತದೆ, ಹಿನ್ನೆಲೆಯ ಗೆಲಾಕ್ಸಿಗೆ ಅಂಥ ಲಯವಿಲ್ಲ. ಕೊನೆಯ ಸಾಕ್ಷಿ ರೋಹಿತವೇ, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟೆ. ಆದರೆ ಅವಕೆಂಪು ಬಾಹ್ಯಾಕಾಶ ದೂರದರ್ಶಕವಾದ ಸ್ಪಿಟ್ಜರ್ ಈ ಮೋಡದಲ್ಲಿ ರೋಹಿತ ಪಡೆದದ್ದು ಸುಮಾರು 800 ಬಿಂದು ಆಕರಗಳಿಗೆ (ಚುಕ್ಕೆಯಾಗಿ ಕಾಣುವ ಬೆಳಕಿನ ಮೂಲಗಳಿಗೆ) ಮಾತ್ರ.

2009ರಲ್ಲಿ ಉಪಕರಣಗಳನ್ನು ತಣ್ಣಗಿಡುತ್ತಿದ್ದ ತಂಪುಕಾರಕ ಮುಗಿದ ಮೇಲೆ ಸ್ಪಿಟ್ಜರ್‌ಗೆ 3.6 ಮತ್ತು 4.5 ಮೈಕ್ರಾನಿನ ಎರಡು ತರಂಗಪಟ್ಟಿಗಳಷ್ಟೇ ಉಳಿದವು. 4.6 ಮೈಕ್ರಾನಿನ ಬಳಿ ಕಾರ್ಬನ್ ಮಾನಾಕ್ಸೈಡ್ ಅನಿಲ ಬೆಳಕನ್ನು ಹೀರುವುದರಿಂದ, ತೆಳು ಧೂಳಿನ ನಕ್ಷತ್ರ ಈ ಜೋಡಿಯಲ್ಲಿ ಕೆಂಪಾಗಿ ಕಾಣದೆ ತಪ್ಪಿಸಿಕೊಳ್ಳುತ್ತದೆ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾ ಗೆಲಾಕ್ಸಿಯಲ್ಲಿ ತೊಡಕು ಇನ್ನೊಂದು ಬಗೆಯದು: ಸ್ಪಿಟ್ಜರ್‌ನ 85 ಸೆಂಟಿಮೀಟರ್ ಕನ್ನಡಿಗೆ 8 ಮೈಕ್ರಾನಿನಲ್ಲಿ ಅಲ್ಲಿನ 20ಕ್ಕೂ ಹೆಚ್ಚು ಜ್ಯೋತಿರ್ವರ್ಷಗಳ ಹರವು ಒಂದೇ ಚುಕ್ಕೆ. ಅದರೊಳಗೆ ಬೆರೆತ ನಕ್ಷತ್ರಗಳ ಒಟ್ಟು ಬಣ್ಣ ಅವುಗಳಲ್ಲಿ ಯಾವೊಂದರದ್ದೂ ಅಲ್ಲದಿರಬಹುದು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ 6.5 ಮೀಟರ್ ಕನ್ನಡಿ ಅಂಥ ಚುಕ್ಕೆಗಳನ್ನು ಬಿಡಿಸಿ ತೋರಿಸಬಲ್ಲದಾದ್ದರಿಂದ, ಸ್ಪಿಟ್ಜರ್ ಕಾಲದ ಯಾದಿಯ ಕೆಂಪು ಆಕರಗಳನ್ನು ಅದರಿಂದ ಮತ್ತೆ ಅಳೆದೇ ವರ್ಗಕ್ಕೆ ಸೇರಿಸಬೇಕು.