ಮುರಿಯಲೆಂದೇ ಕಟ್ಟಿದ ಬಲೆ

ಬಸವನಗುಡಿಯ ಬೇಸಿಗೆ ಮಧ್ಯಾಹ್ನ ಕಾಮಕಸ್ತೂರಿ ನೆನೆಸಿದ ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ಕರಿ ಬೀಜದ ಸುತ್ತಲೂ ತಿಳಿಯಾದ ಲೋಳೆಯ ಕವಚ. ಅದರಲ್ಲಿ ಬಹುಪಾಲು ನೀರೇ, ಆದರೂ ಹರಿದುಹೋಗದೆ ನಿಂತಿದೆ. ಉದ್ದನೆಯ ಸಕ್ಕರೆ ಸರಪಳಿಗಳು ನೀರನ್ನು ಹಿಡಿದಿಟ್ಟಿವೆ. ಹೈಡ್ರೋಜೆಲ್ ಅಂದರೆ ಇಂಥದ್ದೇ. ಆದರೆ ಬೆರಳಲ್ಲಿ ಒತ್ತಿದರೆ ಸುಲಭವಾಗಿ ಕಿತ್ತುಬರುತ್ತದೆ.

ಇದನ್ನು ಗಟ್ಟಿ ಮಾಡುವುದು ಹೇಗೆ? ಸರಪಳಿಗಳ ನಡುವೆ ಗಂಟು ಹೆಚ್ಚಿಸಿದರೆ ಆಯಿತು ಎಂಬ ಉತ್ತರ ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಗಂಟು ಹೆಚ್ಚಿದಷ್ಟೂ ಎರಡು ಗಂಟುಗಳ ನಡುವಿನ ಎಳೆ ಗಿಡ್ಡವಾಗುತ್ತದೆ, ಗಿಡ್ಡ ಎಳೆಗೆ ಹಿಗ್ಗಲು ಜಾಗವಿಲ್ಲ. ಒಂದು ಹರಿದರೆ ಅದರ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ, ಬಿರುಕು ಓಡುತ್ತದೆ. ಬೆಂಗಳೂರಿನ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿ ಪ್ರೋಟೀನ್ ಬೇರ್ಪಡಿಸಲು ಪಾಲಿಅಕ್ರಿಲಮೈಡ್ ಜೆಲ್ ಎರೆದವರಿಗೆ ಇದು ಗೊತ್ತು: ದಟ್ಟ ಜೆಲ್ಲನ್ನು ಗಾಜಿನಿಂದ ಎಬ್ಬಿಸುವಾಗಲೇ ಬಿರುಕು ಬಿಡುತ್ತದೆ.

ಪರಿಹಾರ ಬೇರೆಯೇ ದಿಕ್ಕಿನಲ್ಲಿದೆ. ಒಣ ಮುಳ್ಳುಬೇಲಿಯ ಸಂದುಗಳಲ್ಲಿ ತೊಂಡೆ ಬಳ್ಳಿ ಹಬ್ಬಿದ್ದನ್ನು ನೆನೆಯಿರಿ. ಬೇಲಿಗೂ ಬಳ್ಳಿಗೂ ಎಲ್ಲಿಯೂ ಗಂಟು ಬಿದ್ದಿಲ್ಲ. ಆದರೆ ಒಂದನ್ನು ಮುರಿಯದೆ ಇನ್ನೊಂದನ್ನು ಬಿಡಿಸಲಾಗದು. ಒಂದರೊಳಗೊಂದು ಹೆಣೆದ ಪಾಲಿಮರ್ (ಉದ್ದನೆಯ ಅಣು ಸರಪಳಿ) ಜಾಲವೂ ಹೀಗೆಯೇ. ಎಡಿಸನ್ ಜೊತೆ ಕೆಲಸ ಮಾಡಿದ ರಸಾಯನತಜ್ಞ ಜೋನಾಸ್ ಏಲ್ಸ್‌ವರ್ತ್ 1914ರಲ್ಲೇ ಫೀನಾಲ್ ರಾಳದೊಳಗೆ ರಬ್ಬರ್ ಹೆಣೆದಿದ್ದರು. ‘ಪಾಲಿಮರ್’ ಅಂದರೇನೆಂದು ವಿಜ್ಞಾನಿಗಳೇ ಒಪ್ಪಿಕೊಳ್ಳುವ ಮೊದಲಿನ ಮಾತಿದು! ಈ ಹೆಣಿಗೆಗೆ ಹೆಸರು ಬಂದದ್ದು 1960ರಲ್ಲಿ, ಮಿಲ್ಲರ್ ಅವರ ಪ್ರಬಂಧದಿಂದ. ಅದೇ ವರ್ಷ ಪ್ರಾಗ್‌ನ ವಿಖ್ಟರ್ಲೆ ಮತ್ತು ಲಿಮ್ ಮೆದು ಕಾಂಟ್ಯಾಕ್ಟ್ ಲೆನ್ಸ್‌ಗೆ ದಾರಿ ಮಾಡಿದ ಹೈಡ್ರೋಜೆಲ್ ಪ್ರಕಟಿಸಿದರು.

ಹೆಣೆದ ಜಾಲ, ಹೈಡ್ರೋಜೆಲ್ ಇವೆರಡೂ ಸೇರಿ ಎಂಥ ಅಚ್ಚರಿ ಹುಟ್ಟಬಲ್ಲದೆಂದು ತೋರಿಸಿದವರು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಜಿಯಾನ್ ಪಿಂಗ್ ಗಾಂಗ್ ಮತ್ತು ಸಂಗಡಿಗರು, 2003ರಲ್ಲಿ. ಮೊದಲು ವಿದ್ಯುದಂಶವುಳ್ಳ ಪಾಲಿಮರಿನ ಬಿಗಿ ಜಾಲ. ಒಂದೇ ಬಗೆಯ ವಿದ್ಯುದಂಶಗಳು ಪರಸ್ಪರ ತಳ್ಳುತ್ತವೆ, ಅವುಗಳ ಜೋಡಿ ಅಯಾನುಗಳು (ಎದುರು ವಿದ್ಯುದಂಶದ ಕಣಗಳು) ನೀರನ್ನು ಒಳಗೆಳೆಯುತ್ತವೆ. ಜಾಲ ಉಬ್ಬಿ, ತಂಬೂರಿಯ ತಂತಿಯಂತೆ ಬಿಗಿಯುತ್ತದೆ. ಅದನ್ನು ಅಕ್ರಿಲಮೈಡ್ ದ್ರಾವಣದಲ್ಲಿ ನೆನೆಸಿದರೆ ಚಿಕ್ಕ ಅಣುಗಳು ಸಂದುಗೊಂದಿಗೆಲ್ಲ ನುಗ್ಗುತ್ತವೆ. ಆಮೇಲೆ ಅವು ಅಲ್ಲಿಯೇ ಸರಪಳಿಯಾಗಿ ಬೆಳೆಯುವಂತೆ ಮಾಡುತ್ತಾರೆ. ಈ ಎರಡನೇ ಜಾಲಕ್ಕೆ ಗಂಟು ಅತಿ ಕಡಿಮೆ. ಸಡಿಲ, ಉದ್ದ, ಮೊದಲನೆಯದಕ್ಕಿಂತ ಪ್ರಮಾಣದಲ್ಲಿ ಎಷ್ಟೋ ಪಟ್ಟು ಹೆಚ್ಚು.

ಬಂದ ಜೆಲ್ಲಿನಲ್ಲಿ ಸುಮಾರು 90% ನೀರು. ಆದರೂ ಅದು ಸುಮಾರು 17 ಮೆಗಾಪಾಸ್ಕಲ್ ಒತ್ತಡ ತಾಳಿತು. ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ 170 ಕಿಲೋ ಭಾರ! ಎರಡು ಜಾಲಗಳೂ ಒಂಟಿಯಾಗಿದ್ದರೆ ಇದರ ಹತ್ತರಲ್ಲೊಂದು ಪಾಲನ್ನೂ ತಾಳವು.

ಗುಟ್ಟು ಏನು? ಹಳೆಯ ಬನಿಯನ್ ಬಟ್ಟೆಗೆ ಒಣ ಹಪ್ಪಳವನ್ನು ಗಂಜಿಯಿಂದ ಅಂಟಿಸಿ ಎಳೆಯಿರಿ. ಹಪ್ಪಳ ಒಂದು ಕಡೆ ಬಿರಿಯುತ್ತದೆ. ಆದರೆ ಬಟ್ಟೆ ಅಲ್ಲಿ ಸೇತುವೆಯಾಗಿ ನಿಂತು, ಭಾರವನ್ನು ಉಳಿದ ಹಪ್ಪಳಕ್ಕೆ ದಾಟಿಸುತ್ತದೆ. ಇನ್ನೊಂದು ಕಡೆ ಬಿರುಕು, ಮತ್ತೊಂದು ಕಡೆ ಬಿರುಕು, ಕೊನೆಗೆ ನೂರು ಚೂರು. ಬಟ್ಟೆ ಮಾತ್ರ ಇಡಿಯಾಗಿಯೇ ಇರುತ್ತದೆ. ಜೆಲ್ಲಿನಲ್ಲಿ ಹಪ್ಪಳವೆಂದರೆ ಬಿಗಿ ಮೊದಲ ಜಾಲ, ಬಟ್ಟೆಯೆಂದರೆ ಸಡಿಲ ಎರಡನೆಯದು; ಗಂಜಿಯ ಕೆಲಸವನ್ನು ಅವೆರಡರ ನಡುವಿನ ಸಿಕ್ಕೇ ಮಾಡುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಬಿಗಿದ ಎಳೆ ತುಂಡಾಗುವುದು ಒಂದೇ ಬಂಧದಲ್ಲಿ. ಆದರೆ ಕವಣೆಯ ರಬ್ಬರ್ ಹರಿದಾಗಿನಂತೆ, ಆ ಎಳೆಯ ಉದ್ದಕ್ಕೂ ಇದ್ದ ಎಲ್ಲ ಬಂಧಗಳ ಸೆಳೆತವೂ ಒಮ್ಮೆಲೇ ಕರಗಿಹೋಗುತ್ತದೆ. ಲೇಕ್ ಮತ್ತು ಥಾಮಸ್ 1967ರಲ್ಲಿ ರಬ್ಬರಿಗೆಂದು ಹಾಕಿದ ಲೆಕ್ಕವಿದು. ಬಿರುಕು ಮುಂದೆ ಓಡಲು ಬೇಕಾದ ಶಕ್ತಿ ಹೀಗೆ ಸಾವಿರಾರು ಕಡೆ ಹಂಚಿ ಖರ್ಚಾಗುತ್ತದೆ.

ಆದರೆ ಒಡೆದ ಹಪ್ಪಳ ಮತ್ತೆ ಕೂಡದು. ಒಮ್ಮೆ ಜೋರಾಗಿ ಎಳೆದ ಜೆಲ್ ಎರಡನೇ ಸಲ ಮೆದುವಾಗಿರುತ್ತದೆ. ಅದಕ್ಕೇ 2012ರಲ್ಲಿ ಹಾರ್ವರ್ಡ್ ತಂಡ ಮೊದಲ ಜಾಲವನ್ನು ಕಡಲಕಳೆಯ ಆಲ್ಜಿನೇಟಿನಿಂದ ಕಟ್ಟಿ, ಕ್ಯಾಲ್ಸಿಯಂ ಅಯಾನುಗಳಿಂದ ಬೆಸೆಯಿತು. ಆ ಬೆಸುಗೆ ಬಿಚ್ಚುತ್ತದೆ, ಸಮಯ ಕೊಟ್ಟರೆ ಸಾಕಷ್ಟು ಮಟ್ಟಿಗೆ ಮತ್ತೆ ಕೂಡುತ್ತದೆ. ಜೆಲ್ 20 ಪಟ್ಟು ಉದ್ದಕ್ಕೆ ಹಿಗ್ಗಿತು. ಮೊಣಕಾಲಿನ ಮೃದ್ವಸ್ಥಿಗೆ ಬದಲಿ ಬೇಕೆನ್ನುವವರಿಗೆ ಇಷ್ಟೂ ಸಾಲದು. ಲಕ್ಷಗಟ್ಟಲೆ ಹೆಜ್ಜೆಗಳ ಸಣ್ಣ ಸಣ್ಣ ಸೆಳೆತದಲ್ಲಿ ಬಿಚ್ಚಿದ ಬೆಸುಗೆಗೆ ಕೂಡಲು ಬಿಡುವೇ ಸಿಗುವುದಿಲ್ಲ, ಬಿರುಕನ್ನು ತಡೆಯುವ ಹೊಣೆ ಕೊನೆಗೆ ಆ ಸಡಿಲ ಎರಡನೇ ಜಾಲದ ಮೇಲೇ ಬೀಳುತ್ತದೆ.