ಸೊಟ್ಟ ಮನೆ ಉರುಳಿದ ಮೇಲೆ

ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್ ಕೌಂಟಿಯಲ್ಲಿ, ಡಡ್ಲಿ ಊರಿನ ಹತ್ತಿರ, ಒಂದು ಸೊಟ್ಟ ಕಟ್ಟಡ ಇತ್ತು. 1765ರಲ್ಲಿ ರೈತರ ಮನೆಯಾಗಿ ಕಟ್ಟಿದ್ದು. ಅಡಿಯಲ್ಲಿ ಕಲ್ಲಿದ್ದಲು ಅಗೆದು ಅಗೆದು ನೆಲ ಕುಸಿಯಿತು. ಮನೆಯ ಒಂದು ಬದಿ ಇನ್ನೊಂದಕ್ಕಿಂತ ಸುಮಾರು 4 ಅಡಿ ಕೆಳಗಿಳಿಯಿತು. ಆಮೇಲೆ ಅದು ಪಬ್ ಆಯಿತು, ‘ಕ್ರೂಕೆಡ್ ಹೌಸ್’ ಅಂತಲೇ ಹೆಸರಾಯಿತು. ಒಳಗೆ ಮೇಜಿನ ಮೇಲೆ ಗೋಲಿ ಇಟ್ಟರೆ ಏರಿನ ಕಡೆಗೇ ಉರುಳಿದಂತೆ ಕಾಣುತ್ತಿತ್ತು. ಅದನ್ನು ನೋಡಲೆಂದೇ ಜನ ಬರುತ್ತಿದ್ದರು.

2023ರ ಜುಲೈನಲ್ಲಿ ಪಬ್ ಮಾರಾಟವಾಯಿತು. ಆಗಸ್ಟ್ 5ರ ಶನಿವಾರ ರಾತ್ರಿ ಬೆಂಕಿ ಬಿತ್ತು. ಸೋಮವಾರ ಯಂತ್ರ ಬಂದು ಇಡೀ ಕಟ್ಟಡವನ್ನು ನೆಲಸಮ ಮಾಡಿತು. ಮೇಲ್ಮಹಡಿಯ ಅಪಾಯಕಾರಿ ಭಾಗ ತೆಗೆಯಲು ಮಾತ್ರ ಒಪ್ಪಿದ್ದೆವು, ಪೂರ್ತಿ ಕೆಡವಲು ಅಲ್ಲ ಎಂದಿತು ಸ್ಥಳೀಯ ಕೌನ್ಸಿಲ್. ಬೇಕಂತಲೇ ಹಚ್ಚಿದ ಬೆಂಕಿ ಎಂದು ಪೊಲೀಸರು ತನಿಖೆ ಶುರು ಮಾಡಿದರು. ಮೂರು ವರ್ಷದೊಳಗೆ ಮೊದಲಿದ್ದ ಹಾಗೇ ಕಟ್ಟಿಕೊಡಿ ಎಂದು 2024ರ ಫೆಬ್ರುವರಿಯಲ್ಲಿ ಕೌನ್ಸಿಲ್ ಆದೇಶಿಸಿತು. ಮಾಲೀಕರು ಮೇಲ್ಮನವಿ ಹಾಕಿದರು.

ಇಷ್ಟು ಹೆಸರಾದ ಕಟ್ಟಡ ರಾಷ್ಟ್ರೀಯ ಸಂರಕ್ಷಿತ ಪಟ್ಟಿಯಲ್ಲೇ ಇರಲಿಲ್ಲ! ಸೇರಿಸಿ ಎಂಬ ಅರ್ಜಿ ‘ಹಿಸ್ಟಾರಿಕ್ ಇಂಗ್ಲೆಂಡ್’ ಸಂಸ್ಥೆಗೆ ತಲುಪಿದ್ದು ಬೆಂಕಿಗೆ ಕೆಲವೇ ದಿನ ಮೊದಲು. ಇಂಗ್ಲೆಂಡಿನಲ್ಲಿ ಹೀಗಾಗಿದ್ದು ಇದೇ ಮೊದಲಲ್ಲ. ಅಲ್ಲಿನ ಒಂದೊಂದು ಕಾನೂನಿನ ಹಿಂದೆಯೂ ಬಿದ್ದುಹೋದ, ಇಲ್ಲವೇ ಬೀಳಲಿದ್ದ ಒಂದು ಕಟ್ಟಡ ಇದೆ.

ಮೊದಲ ಕಾನೂನು ಬಂದಿದ್ದು 1882ರಲ್ಲಿ. ಅದು ತೀರಾ ಮೆತ್ತಗಿತ್ತು. ಸ್ಟೋನ್‌ಹೆಂಜ್‌ನಂಥ ಇತಿಹಾಸಪೂರ್ವ ಕಲ್ಲುಗಳು, ದಿಬ್ಬಗಳಿಗಷ್ಟೇ ಅನ್ವಯ, ಅದೂ ಮಾಲೀಕ ಒಪ್ಪಿದರೆ. ನನ್ನ ಜಾಗ, ನನ್ನಿಷ್ಟ ಎಂಬ ಮಾತಿಗೆ ಅಲ್ಲಿ ಭಾರಿ ಬೆಲೆ. ಪಾರ್ಲಿಮೆಂಟಿನಲ್ಲಿ ಕೂತವರಲ್ಲಿ ಭೂಮಾಲೀಕರೇ ಜಾಸ್ತಿ ಇದ್ದರಲ್ಲ!

ಇದು ಬದಲಾಗಿದ್ದು ಲಿಂಕನ್‌ಶೈರ್ ಕೌಂಟಿಯ ಟ್ಯಾಟರ್‌ಶಲ್ ಕೋಟೆಯಿಂದ. ಅದು 15ನೇ ಶತಮಾನದ ಎತ್ತರದ ಇಟ್ಟಿಗೆ ಗೋಪುರ. 1911ರ ಹೊತ್ತಿಗೆ ಅದು ಮಾರಾಟಕ್ಕೆ ಬಂದಿತ್ತು. ಒಳಗಿದ್ದ ಕೆತ್ತನೆಯ ಕಲ್ಲಿನ ಅಗ್ಗಿಷ್ಟಿಕೆಗಳನ್ನು ಕಿತ್ತು ಅಮೆರಿಕಕ್ಕೆ ಸಾಗಿಸುವ ತಯಾರಿ ನಡೆದಿತ್ತು. ಆಗ ನಡುವೆ ಬಂದವರು ನಮಗೆ ಗೊತ್ತಿರುವವರೇ: ಲಾರ್ಡ್ ಕರ್ಜನ್. ಬಂಗಾಳವನ್ನು ಒಡೆದ ವೈಸರಾಯ್. ಕೋಟೆಯನ್ನು ತಾವೇ ಕೊಂಡರು, ಅಗ್ಗಿಷ್ಟಿಕೆಗಳನ್ನು ಹುಡುಕಿಸಿ ವಾಪಸ್ ತರಿಸಿದರು, ಕೋಟೆಯನ್ನು ದುರಸ್ತಿ ಮಾಡಿಸಿದರು.

ಈ ಗಲಾಟೆಯ ನಂತರ 1913ರಲ್ಲಿ ಹೊಸ ಕಾಯ್ದೆ ಬಂತು. ಅಪಾಯದಲ್ಲಿರುವ ಸ್ಮಾರಕವನ್ನು ಮಾಲೀಕ ಒಪ್ಪದಿದ್ದರೂ ಸರ್ಕಾರ ಉಳಿಸಿಕೊಳ್ಳಬಹುದು ಎಂದಾಯಿತು. ನನಗೆ ಇಲ್ಲಿ ಕುತೂಹಲ ಅನ್ನಿಸೋದು ಇಸವಿ. ಇದೇ ಕರ್ಜನ್ ಭಾರತದಲ್ಲಿದ್ದಾಗ, 1904ರಲ್ಲೇ, ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ತಂದಿದ್ದರು. ಅಪಾಯದಲ್ಲಿರುವ ಸ್ಮಾರಕವನ್ನು ಸರ್ಕಾರ ಕಡ್ಡಾಯವಾಗಿ ಕೊಳ್ಳುವ ಅವಕಾಶ ಅದರಲ್ಲಿತ್ತು. ನಮ್ಮ ಆಸ್ತಿಯ ಮೇಲೆ ಅಷ್ಟು ಅಧಿಕಾರ ಚಲಾಯಿಸಲು ಅವರಿಗೆ ಯಾವ ಸಂಕೋಚವೂ ಆಗಲಿಲ್ಲ. ತಮ್ಮವರ ಆಸ್ತಿ ಮುಟ್ಟಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.

ಆದರೂ ಜನ ವಾಸವಿದ್ದ ಮನೆಗಳು ಆ ಕಾಯ್ದೆಯ ಹೊರಗೇ ಉಳಿದವು. ಅವುಗಳ ಸರದಿ ಬಂದಿದ್ದು ಎರಡನೇ ಮಹಾಯುದ್ಧದಲ್ಲಿ. ಬಾಂಬ್ ಬಿದ್ದ ಊರುಗಳಲ್ಲಿ ಯಾವ ಕಟ್ಟಡ ಉಳಿಸಬೇಕು, ಯಾವುದನ್ನು ಕೆಡವಬಹುದು ಅಂತ ಪಟ್ಟಿ ಮಾಡಿದರು. 1947ರ ಯೋಜನಾ ಕಾಯ್ದೆ ಈ ಪಟ್ಟಿ ಮಾಡುವ ಕೆಲಸಕ್ಕೆ ಗಟ್ಟಿ ನೆಲೆ ಕೊಟ್ಟಿತು. ಆದರೆ ಪಟ್ಟಿಯಲ್ಲಿದ್ದ ಕಟ್ಟಡ ಕೆಡವುವ ಮುನ್ನ ಮಾಲೀಕ ಎರಡು ತಿಂಗಳ ನೋಟಿಸ್ ಕೊಟ್ಟರೆ ಸಾಕಿತ್ತು! ಅಷ್ಟರೊಳಗೆ ಸರ್ಕಾರ ತಡೆಯದಿದ್ದರೆ ಕೆಡವಬಹುದಿತ್ತು. ಯುದ್ಧದ ನಂತರ ವಾರಸುದಾರರ ತೆರಿಗೆ ಕಟ್ಟಲಾಗದೆ ದೊಡ್ಡ ಮನೆತನಗಳು ತಮ್ಮ ಬಂಗಲೆಗಳನ್ನು ಕೈಬಿಟ್ಟವು. 1955ರಲ್ಲಿ ಸರಾಸರಿ ಐದು ದಿನಕ್ಕೊಂದರಂತೆ ಇಂಥ ಬಂಗಲೆಗಳು ಉರುಳಿದವು. ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮ ಬಂದಿದ್ದು 1968ರಲ್ಲಿ.

ಆಮೇಲೂ ಸಂದು ಸಿಕ್ಕಿತು. ಪಶ್ಚಿಮ ಲಂಡನ್ನಿನ ಫೈರ್‌ಸ್ಟೋನ್ ಟೈರ್ ಕಾರ್ಖಾನೆಯನ್ನು ಪಟ್ಟಿಗೆ ಸೇರಿಸುವ ಕಾಗದ ಸಹಿಗೆ ಕಾದಿತ್ತು. 1980ರ ಆಗಸ್ಟ್‌ನ ರಜೆಯ ವಾರಾಂತ್ಯದಲ್ಲಿ, ಕಚೇರಿಗಳೆಲ್ಲ ಮುಚ್ಚಿದ್ದಾಗ, ಅದರ ಮುಂಭಾಗವನ್ನೇ ಒಡೆದು ಹಾಕಿದರು. ಅದಾದ ಮೇಲೆ ಸರ್ಕಾರ ಪಟ್ಟಿಯ ಕೆಲಸಕ್ಕೆ ವೇಗ ಕೊಟ್ಟಿತು.

ಕೆಡವೋದನ್ನು ಹಿಡಿಯಬಹುದು, ಕಣ್ಣಿಗೆ ಕಾಣುತ್ತೆ. ಸುಮ್ನೆ ಬಿಡೋದನ್ನು ಹಿಡಿಯೋದೇ ಕಷ್ಟ. ಒಂದು ಹೆಂಚು ಜಾರಿದರೆ ನೀರು ಇಳಿಯುತ್ತದೆ, ತೊಲೆ ಕೊಳೆಯುತ್ತದೆ, ಹತ್ತು ವರ್ಷದಲ್ಲಿ ‘ಇನ್ನು ಇದು ಅಪಾಯ, ಕೆಡವಲೇಬೇಕು’ ಎಂಬ ವರದಿ ಬರುತ್ತದೆ. ಇದಕ್ಕೂ 1990ರ ಕಾಯ್ದೆಯಲ್ಲಿ ಮದ್ದಿದೆ. ಪಟ್ಟಿಯಲ್ಲಿರುವ ಖಾಲಿ ಕಟ್ಟಡಕ್ಕೆ ಕೌನ್ಸಿಲ್ ಏಳು ದಿನದ ನೋಟಿಸ್ ಕೊಟ್ಟು ತಾನೇ ತುರ್ತು ದುರಸ್ತಿ ಮಾಡಿ ಖರ್ಚು ವಸೂಲಿ ಮಾಡಬಹುದು. ಇನ್ನೂ ಬಗ್ಗದಿದ್ದರೆ ದುರಸ್ತಿ ನೋಟಿಸ್, ಎರಡು ತಿಂಗಳ ನಂತರ ಕಡ್ಡಾಯ ಸ್ವಾಧೀನ. ಆದರೆ ಸ್ವಾಧೀನಕ್ಕೆ ಪಡೆದ ಕಟ್ಟಡದ ಖರ್ಚು ಕೌನ್ಸಿಲ್ ತಲೆಗೇ ಬರುತ್ತದೆ. ಖಜಾನೆ ಬರಿದಾಗಿರುವ ಕೌನ್ಸಿಲ್ ಆ ಧೈರ್ಯ ಎಲ್ಲಿಂದ ಮಾಡೀತು?

ಅಪಾಯದಲ್ಲಿರುವ ತಾಣಗಳ ರಾಷ್ಟ್ರೀಯ ಪಟ್ಟಿಯೂ ಇದೆ. ಅದರಲ್ಲಿ ಈಗ ಐದು ಸಾವಿರದ ಹತ್ತಿರ ತಾಣಗಳಿವೆ. ಆದರೆ ಸಂರಕ್ಷಿತ ಕಟ್ಟಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಇರುವುದು ಎರಡನೇ ದರ್ಜೆಯವು, ಅಂದರೆ ಪಟ್ಟಿಯ ಅತಿ ಕೆಳಗಿನ ದರ್ಜೆಯವು. ಲಂಡನ್ ಬಿಟ್ಟು ಉಳಿದ ಕಡೆ, ಪ್ರಾರ್ಥನಾ ಮಂದಿರಗಳ ಹೊರತು, ಆ ದರ್ಜೆಯ ಕಟ್ಟಡಗಳನ್ನು ಈ ಪಟ್ಟಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೌಂಟಿಗಳಲ್ಲಿನ ಗಿರಣಿ, ಕಣಜ, ಹಳ್ಳಿಮನೆಗಳನ್ನು ನೋಡಿಕೊಳ್ಳುವ ಕೆಲಸ ಸ್ಥಳೀಯ ಕೌನ್ಸಿಲ್‌ಗಳು ಮತ್ತು ಊರಿನ ಟ್ರಸ್ಟ್‌ಗಳ ಪಾಲಿಗೆ ಬಿದ್ದಿದೆ.

ತೆರಿಗೆಯ ಲೆಕ್ಕವಂತೂ ಉಲ್ಟಾ. ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಹಳೆ ಮನೆಯ ಸೂರು ಸರಿ ಮಾಡಿಸಿದರೆ ಸಾಮಾನ್ಯವಾಗಿ ಶೇ 20. ಪಟ್ಟಿಯಲ್ಲಿರುವ ಮನೆಗಳಲ್ಲಿ ಅನುಮತಿ ಪಡೆದು ಮಾಡುವ ಬದಲಾವಣೆಗಳಿಗೆ ಮೊದಲು ವಿನಾಯಿತಿ ಇತ್ತು. 2012ರ ಅಕ್ಟೋಬರ್‌ನಲ್ಲಿ ಅದನ್ನೂ ತೆಗೆದರು.