ಒಂದೇ ಕಂಪ್ಯೂಟರ್ ಇರುವ ತರಗತಿಯಲ್ಲಿ ಗೇಮ್ ಮೂಲಕ ಕನ್ನಡ ಬರವಣಿಗೆ ಕಲಿಸಬಹುದಾ?

ಖಂಡಿತ ಕಲಿಸಬಹುದು. ಆದರೆ ಮಕ್ಕಳಿಗೆ ಗೇಮ್ ಆಡಲು ಕೊಡುವ ಬದಲು, ಮಾಡಲು ಕೊಡಿ. ಬಲೂನ್ ಒಡೆದು ಅಕ್ಷರ ಹಿಡಿಯುವ ಆಟಗಳು ವರ್ಣಮಾಲೆಗೆ ಸರಿ. ನಾಲ್ಕು ವಾಕ್ಯ ಕೂಡಿಸಿ ಬರೆಯಲು ಅವು ಜಾಸ್ತಿ ನೆರವಾಗುವುದಿಲ್ಲ.

ನನ್ನ ಆಯ್ಕೆ ಟ್ವೈನ್. ಓದುವವರೇ ದಾರಿ ಆರಿಸುತ್ತ ಹೋಗುವ ಕತೆ-ಗೇಮ್ ಮಾಡಲು ಕ್ರಿಸ್ ಕ್ಲಿಮಾಸ್ 2009ರಲ್ಲಿ ಹೊರತಂದ ಉಚಿತ ಸಾಫ್ಟ್‌ವೇರ್ ಇದು. ಡೌನ್‌ಲೋಡ್ ಮಾಡಿಕೊಂಡರೆ ಆಮೇಲೆ ಇಂಟರ್ನೆಟ್ ಬೇಡ, ಕೋಡಿಂಗ್ ಕೂಡ ಬೇಡ. ಒಂದು ಚೌಕದಲ್ಲಿ ಕತೆಯ ತುಣುಕು ಬರೆಯಬೇಕು. ಮುಂದಿನ ದಾರಿಯ ಹೆಸರನ್ನು ಎರಡೆರಡು ಚೌಕ ಕಂಸಗಳ ([[ ]]) ನಡುವೆ ಇಟ್ಟರೆ ಅದಕ್ಕೊಂದು ಖಾಲಿ ಚೌಕ ತಾನೇ ಹುಟ್ಟುತ್ತದೆ.

ಬೋರ್ಡಿನ ಮೇಲೆ ಹೀಗೆ ಬರೆಯಿರಿ: “ಜಾತ್ರೆಯಲ್ಲಿ ತಂಗಿಯ ಕೈ ತಪ್ಪಿಹೋಯಿತು. ತೇರಿನ ಕಡೆ ಓಡುತ್ತೀಯಾ? ಬಳೆ ಅಂಗಡಿಯಲ್ಲಿ ಕೇಳುತ್ತೀಯಾ?” ಐದೈದು ಮಕ್ಕಳ ಗುಂಪು ಒಂದೊಂದು ದಾರಿಯನ್ನು ಮೊದಲು ಕಾಗದದ ಮೇಲೆ ಬರೆಯಲಿ. ಕಂಪ್ಯೂಟರಿಗೆ ಸರದಿಯ ಮೇಲೆ ಬರಲಿ.

ವ್ಯಾಕರಣ ಇಲ್ಲಿ ಸುಮ್ನೆ ಪಾಠವಾಗಿ ಬರುವುದಿಲ್ಲ, ಕತೆಗೇ ಬೇಕಾಗಿ ಬರುತ್ತದೆ. ‘ಓಡಿದಳು’ ಅಂದರೆ ಕತೆ ಹುಡುಗಿಯದು, ‘ಓಡಿದನು’ ಅಂದರೆ ಹುಡುಗನದು. ‘ನೀನು ಓಡುತ್ತೀಯ’ ಅಂದರೆ? ಓದುವವರು ಯಾರೋ ಅವರದ್ದೇ ಕತೆ! ಒಂದು ಗುಂಪು ‘ಓಡುತ್ತೀಯ’ ಎಂದೂ ಇನ್ನೊಂದು ‘ಓಡಿದಳು’ ಎಂದೂ ಬರೆದರೆ, ಗಟ್ಟಿಯಾಗಿ ಓದುವಾಗ ಮಕ್ಕಳ ನಾಲಿಗೆಯೇ ಅಲ್ಲಿ ಎಡವುತ್ತದೆ. ಕ್ರಿಯಾಪದದ ಕೋಷ್ಟಕವನ್ನು ಬೋರ್ಡಿಗೆ ತರಲು ಅದೇ ಸಮಯ.

ಟೈಪಿಂಗ್ ಕೂಡ ಕಾಗುಣಿತದ ಪಾಠವೇ. ಜಾತ್ರೆ ಅಂದಮೇಲೆ ಖರ್ಜೂರ ಬರಲೇಬೇಕು, ಅಲ್ವಾ? ಕೈಯಲ್ಲಿ ಬರೆಯುವಾಗ ‘ಜೂ’ ಬರೆದ ಮೇಲೆ ಅರ್ಕಾವತ್ತು ಹಾಕುತ್ತೇವೆ. ಈಗಿನ ಕಂಪ್ಯೂಟರುಗಳು ಅಕ್ಷರ ಉಳಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಬಾಯಿ ಹೇಳುವ ಕ್ರಮವೇ ನಡೆಯುತ್ತದೆ: ಮೊದಲು ರ, ಅದರ ಸ್ವರ ತೆಗೆಯುವ ಹಲಂತ, ಆಮೇಲೆ ಜೂ. ಅರ್ಕಾವತ್ತು ಎಲ್ಲಿಡಬೇಕೆಂದು ತಡಕಾಡುವ ಮಗುವಿಗೆ ಆ ಸದ್ದು ಎಲ್ಲಿದೆ ಎಂದು ಆಗ ಹೊಳೆಯುತ್ತದೆ. ನನಗೆ ಈ ಚಟುವಟಿಕೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಎರಡು ಎಚ್ಚರಿಕೆ. ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಬೇಡಿ, ಟ್ವೈನ್‌ಗೆ ತಂದಾಗ ಅಕ್ಷರಗಳು ಕಲಸಿಹೋಗುತ್ತವೆ. ಇನ್ನು, ಟ್ವೈನ್ ಡೌನ್‌ಲೋಡ್ ಮಾಡದೆ ಬ್ರೌಸರಿನಲ್ಲೇ ಕೆಲಸ ಮಾಡಿದರೆ ಕತೆ ಉಳಿಯುವುದು ಆ ಬ್ರೌಸರಿನೊಳಗೆ ಮಾತ್ರ. ಯಾರಾದರೂ ಅದರ ಡೇಟಾ ಅಳಿಸಿದರೆ ಮಕ್ಕಳ ಬರಹವೂ ಹೋಯಿತು. ದಿನಾ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಕೊನೆಯ ದಿನ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೈಯೆತ್ತಿ ದಾರಿ ಆರಿಸಲಿ. ಯಾವುದೋ ದಾರಿ ಖಾಲಿ ಚೌಕಕ್ಕೆ ಹೋಗಿ ನಿಂತರೆ ನೀವು ತುಂಬಬೇಡಿ. ತಂಗಿ ಎಲ್ಲಿ ಸಿಕ್ಕಳು ಎಂದು ತಿಳಿಯದೆ ಆ ಮಕ್ಕಳು ಮನೆಗೆ ಹೋಗುವುದಿಲ್ಲ.